ಮುಪ್ಪಿನ ಹೆಜ್ಜೆಗೆ ಆಟದ ಆಸರೆ



ಊರಿನಿಂದ ತಂದೆತಾಯಿಯರು ಪರದೇಶದ ನಮ್ಮ ಮನೆಗಳಿಗೆ ಬಂದಾಗ ನಮಗಾಗುವ ಸಂತೋಷ ದೊಡ್ಡದು. ಆದರೆ ಊರಿನಲ್ಲಿ ಹಾಲು ತರಲು, ತರಕಾರಿ ಕೊಳ್ಳಲು, ದೇವಸ್ಥಾನಕ್ಕೆ ಹೋಗಲು ತಾವಾಗಿಯೇ ನಡೆಯುತ್ತಿದ್ದ ಕಾಲುಗಳಿಗೆ ಇಲ್ಲಿ ಕೆಲಸವಿಲ್ಲ. ಮಗ ಸೊಸೆ ಕಚೇರಿಗೆ, ಮೊಮ್ಮಕ್ಕಳು ಶಾಲೆಗೆ. ಹೊರಗೆ ಚಳಿ, ಪರಿಚಯವಿಲ್ಲದ ಬೀದಿ. ಬಳಕೆ ತಪ್ಪಿದ ಕಾಲು ಶಕ್ತಿಗುಂದುತ್ತದೆ. ಶಕ್ತಿ ಕುಂದಿದಾಗ ಬೀಳುವ ಭಯ ಹುಟ್ಟುತ್ತದೆ. ಭಯವು ಮತ್ತೆ ಕುರ್ಚಿಯಲ್ಲೇ ಕೂರಿಸುತ್ತದೆ. ಈ ವಿಷವರ್ತುಲವನ್ನು ಮುರಿಯುವಲ್ಲಿ ಗಣಕಯಂತ್ರದ ಆಟಗಳು ಎಷ್ಟರಮಟ್ಟಿಗೆ ನೆರವಾಗಬಲ್ಲವೆಂಬುದನ್ನು ಪರಿಶೀಲಿಸೋಣ.

ವೃದ್ಧಾಪ್ಯದಲ್ಲಿ ಬೀಳುವುದು ಸಣ್ಣ ಸಂಗತಿಯಲ್ಲ. ಅಮೆರಿಕದಲ್ಲಿ 65 ದಾಟಿದ ನಾಲ್ವರಲ್ಲಿ ಒಬ್ಬರಾದರೂ ಪ್ರತಿವರ್ಷ ಬೀಳುತ್ತಾರೆ. ಆದುದರಿಂದಲೇ ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಗಸೂಚಿಯಲ್ಲಿ, ಈ ವಯಸ್ಸಿನವರು ವಾರಕ್ಕೆ 150ರಿಂದ 300 ನಿಮಿಷಗಳ ಮಿತಶ್ರಮದ ಚಟುವಟಿಕೆಯಲ್ಲದೆ, ಮೂರು ದಿನವಾದರೂ ದೇಹದ ಸಮತೋಲ ಹಾಗೂ ಬಲವನ್ನು ಬೆಳೆಸುವ ವ್ಯಾಯಾಮ ಮಾಡಬೇಕೆಂದು ವಿಧಿಸಿತು. ಆದರೆ ಒಂದೇ ಬಗೆಯ ವ್ಯಾಯಾಮ ಬಹುಬೇಗ ಬೇಸರ ತರುತ್ತದೆ. ಆಟ ಪ್ರವೇಶಿಸುವುದು ಇಲ್ಲಿಯೇ.

ಜಪಾನಿನ ನಿಂಟೆಂಡೊ ಕಂಪನಿ 2006ರಲ್ಲಿ ‘ವೀ’ ಯಂತ್ರವನ್ನೂ, ಮರುವರ್ಷ ಅದರ ಜೊತೆಗೆ ಬಳಸುವ ಸಮತೋಲದ ಹಲಗೆಯನ್ನೂ ಹೊರತಂದಿತು. ಹಲಗೆಯ ನಾಲ್ಕು ಮೂಲೆಗಳಲ್ಲಿರುವ ಸಂವೇದಕಗಳು, ನಿಂತವರ ಭಾರ ಯಾವ ಕಡೆಗೆ ವಾಲಿದೆಯೆಂಬುದನ್ನು ಅಳೆದು ಪರದೆಯ ಮೇಲೆ ತೋರಿಸುತ್ತಿದ್ದವು. 2010ರಲ್ಲಿ ಬಂದ ಮೈಕ್ರೋಸಾಫ್ಟಿನ ‘ಕಿನೆಕ್ಟ್’ ಕ್ಯಾಮೆರಾ ಕೈಯಲ್ಲಿ ಏನನ್ನೂ ಹಿಡಿಸದೆ ಅಂಗಾಂಗಗಳ ಚಲನೆಯನ್ನು ಗುರುತಿಸಿತು. ಇವೆರಡರ ತಯಾರಿಕೆಯೂ ನಿಂತಿದೆ. ಆದರೆ ಅವು ತೋರಿದ ದಾರಿ ಉಳಿದಿದೆ.

ಆಡಿದ ಮಾತ್ರಕ್ಕೆ ಬೀಳುವುದು ತಪ್ಪೀತೇ? ಆಸ್ಟ್ರೇಲಿಯಾದ ಸಂಶೋಧಕರು 65 ಮತ್ತು ಅದಕ್ಕೂ ಹೆಚ್ಚು ವಯಸ್ಸಿನ 769 ಮಂದಿಯನ್ನು ಮೂರು ಗುಂಪು ಮಾಡಿ ಒಂದು ವರ್ಷ ಗಮನಿಸಿದರು. ಒಂದು ಗುಂಪು ನೆಲದ ಚಾಪೆಯ ಮೇಲೆ ಹೆಜ್ಜೆಯಿಟ್ಟು ಆಡಿತು, ಇನ್ನೊಂದು ಕುಳಿತು ಬುದ್ಧಿಯ ಆಟಗಳನ್ನಾಡಿತು, ಮೂರನೆಯದಕ್ಕೆ ಆಟವಿರಲಿಲ್ಲ. 2024ರಲ್ಲಿ ‘ನೇಚರ್ ಮೆಡಿಸಿನ್’ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದಂತೆ, ಆಟವಿಲ್ಲದವರಿಗೆ ಹೋಲಿಸಿದರೆ ಹೆಜ್ಜೆಯಾಟದವರಲ್ಲಿ ಬೀಳುವಿಕೆ ಶೇಕಡಾ 26ರಷ್ಟು ಕಡಿಮೆಯಾಗಿತ್ತು. ಕುಳಿತು ಆಡಿದವರಲ್ಲಿ ನಿಶ್ಚಿತವೆನ್ನಬಹುದಾದ ಇಳಿಕೆ ಕಾಣಲಿಲ್ಲ.

ಇದರ ಮರ್ಮವನ್ನು ಬಾಲ್ಯದಲ್ಲಿ ಕುಂಟೆಬಿಲ್ಲೆ ಆಡಿದ ನಾವು ಸುಲಭವಾಗಿ ಗ್ರಹಿಸಬಹುದು. ಎಡವಿದ ಕ್ಷಣದಲ್ಲಿ ಕಣ್ಣು ಕಂಡುದನ್ನು ಮನಸ್ಸು ತೂಗಿ, ಕಾಲು ಸರಿಯಾದ ಜಾಗಕ್ಕೆ ತ್ವರಿತವಾಗಿ ಹೋಗಬೇಕು. ಪರದೆಯ ಗುರುತನ್ನು ನೋಡಿ ಮುಂದೆ, ಹಿಂದೆ, ಪಕ್ಕಕ್ಕೆ ಹೆಜ್ಜೆಯಿಡುವ ಆಟದಲ್ಲಿ ಕಣ್ಣು, ಮನಸ್ಸು, ಕಾಲು ಮೂರಕ್ಕೂ ಒಟ್ಟಿಗೇ ಅಭ್ಯಾಸವಾಗುತ್ತದೆ.

ಆದರೆ ಎಚ್ಚರಿಕೆ ಅಗತ್ಯ. ಅಂಗಡಿಯಲ್ಲಿ ಸಿಗುವ ಅನೇಕ ಆಟಗಳು ಎಳೆಯರ ವೇಗಕ್ಕೆ ರಚಿತವಾದವು. ಮಂಡಿನೋವು, ಹೃದ್ರೋಗ ಅಥವಾ ತಲೆಸುತ್ತು ಇರುವವರು ಮೊದಲು ವೈದ್ಯರನ್ನು ವಿಚಾರಿಸಬೇಕು. ಬರಿಯ ಕಾಲುಚೀಲದಲ್ಲಿ ಆಡಬಾರದು. ಸೀರೆಯ ನೆರಿಗೆ, ಪಂಚೆಯ ಅಂಚು ಕಾಲಿಗೆ ಸಿಕ್ಕದಂತಿರಬೇಕು. ಹಿಡಿದುಕೊಳ್ಳಲು ಗಟ್ಟಿಯಾದ ಆಸರೆ ಪಕ್ಕದಲ್ಲಿರಬೇಕು. ಮೊದಲ ದಿನಗಳಲ್ಲಿ ಮನೆಯವರೊಬ್ಬರು ಜೊತೆಗಿರಬೇಕು. ಆಟವು ವಾಯುವಿಹಾರಕ್ಕೂ ಸ್ನಾಯುಬಲದ ವ್ಯಾಯಾಮಕ್ಕೂ ಪೂರಕವೇ ಹೊರತು ಬದಲಿಯಲ್ಲ.

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆಯನ್ನು ನೆನೆದು ಹಿರಿಯರು ಸಂಕೋಚಪಡಬೇಕಾಗಿಲ್ಲ. ಯಂತ್ರ ಬಲ್ಲ ಮೊಮ್ಮಕ್ಕಳು ಕಲಿಸಲಿ, ಅಜ್ಜ ಅಜ್ಜಿಯರು ಕನ್ನಡದಲ್ಲೇ ಅಂಕ ಎಣಿಸಲಿ. ಮುಂದಿನ ಸಲ ಊರಿನಿಂದ ಹಿರಿಯರು ಬರುವಾಗ, ಅವರಿಗೆ ಕೊಠಡಿ ಸಿದ್ಧಪಡಿಸುವಂತೆಯೇ, ದಿನಕ್ಕೆ ಅರ್ಧಗಂಟೆ ಕಾಲಾಡಿಸುವ ಏರ್ಪಾಡನ್ನೂ ನಾವು ಮುಂಚಿತವಾಗಿ ಮಾಡಿಟ್ಟಿರೋಣ.