ಗಾಲಿಯ ಮೇಲಿನ ಮನೆಗೂ ತಪ್ಪದ ಬಾಡಿಗೆ

ಚಳಿಗಾಲ ಕಾಲಿಡುತ್ತಿದ್ದಂತೆ ಸ್ಪೇನಿನ ದಕ್ಷಿಣ ತುದಿಯ ಆಲ್ಜೆಸಿರಾಸ್ ಬಂದರಿನಲ್ಲಿ ಒಂದು ವಿಚಿತ್ರ ಸಾಲು ಕಾಣಿಸಿಕೊಳ್ಳುತ್ತದೆ. ಮಿನಿ ಬಸ್ಸಿನಷ್ಟು ಉದ್ದದ ಬಿಳಿ ಗಾಡಿಗಳು. ಬೆನ್ನಿಗೆ ಸೈಕಲ್ಲು, ನೆತ್ತಿಯ ಮೇಲೆ ಸೌರಫಲಕ, ಕಿಟಕಿಗೆ ಪರದೆ. ಜರ್ಮನಿ, ಫ್ರಾನ್ಸ್, ಬ್ರಿಟನ್ನಿನ ನಂಬರ್ ಫಲಕಗಳು. ಚಾಲಕರಲ್ಲಿ ಅನೇಕರು ತಲೆ ನರೆತವರು. ಹಡಗು ಹತ್ತಿ ಜಿಬ್ರಾಲ್ಟರ್ ಜಲಸಂಧಿ ದಾಟಿದರೆ ಮೊರಾಕ್ಕೊ. ಅತಿ ಕಿರಿದಾದ ಜಾಗದಲ್ಲಿ ಈ ಜಲಸಂಧಿಯ ಅಗಲ ಸುಮಾರು 14 ಕಿಲೋಮೀಟರ್. ಆಚೆ ದಡದಲ್ಲಿ ಬೆಚ್ಚನೆಯ ಬಿಸಿಲಿದೆ ಎನ್ನುವುದು ನಿಜ. ಆದರೆ ಸಾಲಿನಲ್ಲಿರುವ ಬ್ರಿಟಿಷರಲ್ಲಿ ಕೆಲವರನ್ನಾದರೂ ಅತ್ತ ದೂಡುತ್ತಿರುವುದು ಬಿಸಿಲಲ್ಲ, ದಿನಗಳ ಲೆಕ್ಕ.

ಹಾಸಿಗೆ, ಒಲೆ, ನೀರಿನ ತೊಟ್ಟಿ, ಶೌಚಾಲಯ ಎಲ್ಲವನ್ನೂ ಹೊತ್ತು ಸಾಗುವ ವಾಹನವೇ ಮೋಟರ್‌ಹೋಮ್. ಅಕ್ಕಿ ಬೇಳೆ, ಸ್ಟವ್ ಕಟ್ಟಿಕೊಂಡು ತೀರ್ಥಯಾತ್ರೆಯ ಬಸ್ಸು ಹತ್ತುವ ನಮ್ಮವರಿಗೆ ಇದರ ಮರ್ಮ ಬೇಗ ಅರ್ಥವಾದೀತು. ಯೂರೋಪಿನಲ್ಲಿ ಈ ಹವ್ಯಾಸ ಹಳೆಯದು. ಬ್ರಿಟಿಷ್ ನೌಕಾಪಡೆಯ ನಿವೃತ್ತ ವೈದ್ಯ ಗಾರ್ಡನ್ ಸ್ಟೇಬಲ್ಸ್ 1885ರಲ್ಲಿ ವಿಹಾರಕ್ಕೆಂದೇ ಕುದುರೆ ಎಳೆಯುವ ಮನೆಯೊಂದನ್ನು ಮಾಡಿಸಿ, ‘ವಾಂಡರರ್’ ಎಂದು ಹೆಸರಿಟ್ಟು, ಇಂಗ್ಲೆಂಡಿನಿಂದ ಸ್ಕಾಟ್ಲೆಂಡಿನ ಇನ್ವರ್‌ನೆಸ್‌ವರೆಗೆ ಹೋದರು. ಆ ದಾರಿಯ ಗಡಿಯಲ್ಲಿ ಗಾಡಿಯ ಎತ್ತರ, ತೂಕ ಕೇಳುವವರು ಇರಲಿಲ್ಲ. ಇಂದಿನವರಿಗೆ ಆ ಭಾಗ್ಯವಿಲ್ಲ.

ಹಲವು ದೇಶಗಳ ಪ್ರವಾಸಕ್ಕೆ ಬಜೆಟ್ ಹಾಕುವವರು ಮೊದಲು ಬರೆಯುವುದು ಡೀಸೆಲ್ಲು ಮತ್ತು ಊಟ. ಊಟದ ಖರ್ಚು ಮನೆಯಲ್ಲಿದ್ದಾಗಿನದಕ್ಕಿಂತ ಬಹಳವೇನೂ ಬೇರೆಯಾಗದು, ಅಡುಗೆ ತಾವೇ ಮಾಡಿಕೊಳ್ಳುವುದಾದರೆ. ಡೀಸೆಲ್ಲಿನ ಕಥೆ ಬೇರೆ. ನೂರು ಕಿಲೋಮೀಟರಿಗೆ 11 ಲೀಟರ್ ಬೇಕು, ಲೀಟರಿಗೆ 1.60 ಯೂರೋ ಎಂದು ಲೆಕ್ಕಕ್ಕಾಗಿ ಹಿಡಿಯೋಣ. ನೂರು ದಿನಗಳಲ್ಲಿ 20,000 ಕಿಲೋಮೀಟರ್ ಓಡಿದರೆ 3,520 ಯೂರೋ. ಅದೇ ನೂರು ದಿನ, ಆದರೆ 6,000 ಕಿಲೋಮೀಟರ್ ಮಾತ್ರ ಎಂದರೆ 1,056 ಯೂರೋ. ವ್ಯತ್ಯಾಸ ಸುಮಾರು ಎರಡೂವರೆ ಸಾವಿರ! ನಿಧಾನವಾಗಿ ಹೋಗುವವರಿಗೆ ಪ್ರವಾಸ ಅಗ್ಗ. ಲಕ್ಸೆಂಬರ್ಗ್, ಆಂಡೊರಾದಂಥ ಕಡಿಮೆ ತೆರಿಗೆಯ ದೇಶಗಳು ದಾರಿಯಲ್ಲಿ ಸಿಕ್ಕರೆ ಟ್ಯಾಂಕು ತುಂಬಿಸಿಕೊಳ್ಳುವವರೂ ಉಂಟು. ಅದಕ್ಕಾಗಿಯೇ ಬಳಸಿ ಹೋದರೆ ಉಳಿದದ್ದೆಲ್ಲ ದಾರಿಯಲ್ಲೇ ಸುಟ್ಟುಹೋಗುತ್ತದೆ.

ರಾತ್ರಿ ತಂಗುವ ಜಾಗಕ್ಕೂ ಇದೇ ಬಗೆಯ ಲೆಕ್ಕ. ರಾತ್ರಿಗೆ 30 ಯೂರೋ ಕೇಳುವ ಶಿಬಿರತಾಣದಲ್ಲೇ ನೂರು ರಾತ್ರಿ ಕಳೆದರೆ 3,000 ಆಯಿತು. ಫ್ರಾನ್ಸಿನ ಅನೇಕ ಊರುಗಳಲ್ಲಿ ಪುರಸಭೆಗಳೇ ಇಂಥ ಗಾಡಿಗಳಿಗೆಂದು ‘ಏರ್’ ಎಂಬ ತಾಣಗಳನ್ನು ಮಾಡಿವೆ. ಜರ್ಮನಿಯಲ್ಲಿ ಇವಕ್ಕೆ ‘ಸ್ಟೆಲ್‌ಪ್ಲಾಟ್ಸ್’ ಎನ್ನುತ್ತಾರೆ. ಕೆಲವು ಉಚಿತ, ಹಲವು ಅಗ್ಗ. ಎರಡು ರಾತ್ರಿಗೊಮ್ಮೆ ಹತ್ತು ಯೂರೋದ ಇಂಥ ಜಾಗ ಹುಡುಕಿಕೊಂಡರೆ ಸಾವಿರ ಯೂರೋ ಉಳಿಯಿತು. ಕಂಡಲ್ಲಿ ನಿಲ್ಲಿಸಿ ಮಲಗೋಣ ಎಂದರೆ ಅನೇಕ ಕಡೆ ಅದು ನಿಷಿದ್ಧ, ಬೆಳಿಗ್ಗೆ ಕದ ತಟ್ಟುವವರು ದಂಡದ ಚೀಟಿ ಹಿಡಿದಿರುತ್ತಾರೆ.

ಇಲ್ಲಿಯವರೆಗಿನದು ಗೃಹಿಣಿಯರಿಗೆಲ್ಲ ಗೊತ್ತಿರುವ ಲೆಕ್ಕ. ಲೆಕ್ಕ ತಪ್ಪುವುದು ಮುಂದೆ, ಒಂದೊಂದು ದೇಶದ ಒಂದೊಂದು ಕಾನೂನಿನಲ್ಲಿ. ಫ್ರಾನ್ಸಿನ ಹೆದ್ದಾರಿ ಸುಂಕವನ್ನೇ ನೋಡಿ. ಮೂರೂವರೆ ಟನ್ ಮೀರದ ಗಾಡಿಯ ಎತ್ತರ ಎರಡು ಮೀಟರಿನಿಂದ ಮೂರು ಮೀಟರಿನೊಳಗೆ ಇದ್ದರೆ ಅದು ಎರಡನೆಯ ದರ್ಜೆ. ಮೂರು ಮೀಟರ್ ಮುಟ್ಟಿದರೆ ಮೂರನೆಯ ದರ್ಜೆ, ಅಂದರೆ ಲಾರಿಗಳ ಸಾಲು. ಅಂಚಿನಲ್ಲಿರುವ ಗಾಡಿಯ ನೆತ್ತಿಗೆ ಒಂದು ಪೆಟ್ಟಿಗೆ ಬಿಗಿದರೂ ಪ್ರವಾಸದುದ್ದಕ್ಕೂ ಹೆಚ್ಚಿನ ಸುಂಕ ತೆರಬೇಕಾದೀತು. ಸ್ವಿಟ್ಜರ್ಲೆಂಡಿನಲ್ಲಿ ಮೂರೂವರೆ ಟನ್ನಿನೊಳಗಿನ ಗಾಡಿಗೆ 40 ಫ್ರಾಂಕಿನ ವಾರ್ಷಿಕ ಚೀಟಿ. ಹೆದ್ದಾರಿಯಲ್ಲಿ ಅರ್ಧ ದಿನ ಹಾದುಹೋಗುವವರಿಗೂ ಅದೇ ಬೆಲೆ. ಆಸ್ಟ್ರಿಯಾದಲ್ಲಿ ಮೂರೂವರೆ ಟನ್ ದಾಟಿತೆಂದರೆ ಚೀಟಿ ಸಾಲದು. ಗಾಜಿಗೆ ಪೆಟ್ಟಿಗೆಯೊಂದನ್ನು ಅಂಟಿಸಿಕೊಂಡು ಹೆದ್ದಾರಿಯ ಕಿಲೋಮೀಟರ್ ಕಿಲೋಮೀಟರಿಗೂ ಕಟ್ಟಬೇಕು. ‘ಸ್ವಲ್ಪ ದೊಡ್ಡದೇ ಇರಲಿ’ ಎಂದು ಗಾಡಿ ಕೊಳ್ಳುವವರು ಇವನ್ನೆಲ್ಲ ತಿಳಿಯುವುದು ಸಾಮಾನ್ಯವಾಗಿ ಕೊಂಡ ಮೇಲೆ.

ಅಡುಗೆ ಅನಿಲದ್ದೂ ಒಂದು ಸಣ್ಣ ತಲೆನೋವು. ಅನಿಲ ತುಂಬಿಸುವ ಬಾಯಿ ಯೂರೋಪಿನಲ್ಲೇ ನಾಲ್ಕು ಬಗೆ. ಆಯಾ ಜೋಡಕ ಜೊತೆಗಿಲ್ಲದಿದ್ದರೆ ಒಲೆ ಹೊತ್ತದು.

ಯೂರೋಪಿನಾಚೆಗೆ, ಇರಾನ್, ಪಾಕಿಸ್ತಾನ, ಭಾರತಗಳತ್ತ ಹೊರಟವರಿಗೆ ‘ಕಾರ್ನೆ’ ಬೇಕು. ಇದು ಗಾಡಿಯ ಪಾಸ್‌ಪೋರ್ಟ್ ಇದ್ದಂತೆ. ಗಾಡಿಯನ್ನು ಅಲ್ಲೇ ಮಾರಿ ಸುಂಕ ತಪ್ಪಿಸುವುದಿಲ್ಲ ಎಂಬುದಕ್ಕೆ ಜಾಮೀನು. ಕೆಲವು ದೇಶಗಳಿಗೆ ಈ ಜಾಮೀನಿನ ಮೊತ್ತ ಗಾಡಿಯ ಬೆಲೆಯನ್ನೇ ಮೀರುತ್ತದೆ. ಹಣ ಕೊನೆಗೆ ಮರಳಿ ಬರುತ್ತದೆ, ಆದರೆ ಪ್ರವಾಸ ಮುಗಿಯುವವರೆಗೆ ಕೈಗೆ ಸಿಗದು. 1957ರಲ್ಲಿ ಲಂಡನ್ನಿನಿಂದ ಕಲ್ಕತ್ತಾಕ್ಕೆ ‘ಇಂಡಿಯಾಮನ್’ ಬಸ್ಸು ಹೊರಟಾಗ ಒಬ್ಬರಿಗೆ ತಗುಲಿದ್ದು 85 ಪೌಂಡ್. 2025ರ ಏಪ್ರಿಲ್‌ನಲ್ಲಿ ಅಟಾರಿ ಗಡಿಯನ್ನು ಭಾರತ ಮುಚ್ಚಿದಾಗ, ಆ ದಾರಿಯನ್ನು ನಂಬಿ ಹೊರಟಿದ್ದವರ ಬಜೆಟ್ಟುಗಳೂ ತಲೆಕೆಳಗಾದವು.

ಇನ್ನು ಬ್ರಿಟಿಷರ ವಿಷಯ. ಷೆಂಗೆನ್ ಒಪ್ಪಂದಕ್ಕೆ ಸಹಿ ಬಿದ್ದದ್ದು 1985ರಲ್ಲಿ, ಒಳಗಡಿಗಳಲ್ಲಿ ತಪಾಸಣೆ ನಿಂತದ್ದು 1995ರಲ್ಲಿ. ಬ್ರಿಟನ್ ಈ ಒಪ್ಪಂದಕ್ಕೆ ಸೇರದಿದ್ದರೂ ಯೂರೋಪ್ ಒಕ್ಕೂಟದಲ್ಲಿದ್ದಷ್ಟು ಕಾಲ ಅದರ ಪ್ರಜೆಗಳಿಗೆ ದಿನಗಳ ಮಿತಿ ಕಾಡಿರಲಿಲ್ಲ. ನಿವೃತ್ತರಾದ ಮೇಲೆ ಮನೆ ಮಾರಿ, ಆ ಹಣದಲ್ಲಿ ಮೋಟರ್‌ಹೋಮ್ ಕೊಂಡು, ಪಿಂಚಣಿಯಲ್ಲಿ ಸ್ಪೇನ್, ಪೋರ್ಚುಗಲ್‌ಗಳಲ್ಲಿ ಚಳಿಗಾಲವಿಡೀ ಕಳೆಯುತ್ತಿದ್ದವರು ಇದ್ದರು. 2021ರ ಜನವರಿ 1ರಿಂದ ಅವರೂ ಹೊರಗಿನವರಾದರು. ಯಾವುದೇ 180 ದಿನಗಳಲ್ಲಿ ಷೆಂಗೆನ್ ವಲಯದೊಳಗೆ 90 ದಿನ ಮಾತ್ರ. ಅದು ದೇಶಕ್ಕೆ ತೊಂಬತ್ತಲ್ಲ, ಎಲ್ಲ ದೇಶ ಸೇರಿ ತೊಂಬತ್ತು.

ಮಾರಿದ ಮನೆ ಮರಳಿ ಬಾರದು. ಗಾಡಿಯನ್ನು ಮಾರೋಣವೆಂದರೆ ವರ್ಷ ವರ್ಷಕ್ಕೂ ಅದರ ಬೆಲೆ ಇಳಿಯುತ್ತಿರುತ್ತದೆ. ಗೋಡೆಯೊಳಗೆ ನೀರು ಇಳಿದಿದ್ದರಂತೂ ಕೇಳುವವರೇ ಇಲ್ಲ. ಹಾಗಾಗಿ ಉಳಿದ ತೊಂಬತ್ತು ದಿನಗಳನ್ನು ಕಳೆಯಲು ವಲಯದ ಹೊರಗಿನ ಅಗ್ಗದ ದೇಶ ಹುಡುಕಬೇಕಾಯಿತು. ಕ್ರೊಯೇಷ್ಯಾ ಇತ್ತು, ಅದು 2023ರ ಜನವರಿಯಲ್ಲಿ ಷೆಂಗೆನ್ ಸೇರಿತು. ರೊಮೇನಿಯಾ, ಬಲ್ಗೇರಿಯಾಗಳ ಭೂಗಡಿಗಳೂ 2025ರ ಜನವರಿಯಲ್ಲಿ ಒಳಸೇರಿದವು. ಅದೇ ವರ್ಷದ ಅಕ್ಟೋಬರಿನಿಂದ ಬರಹೋಗುವವರ ಬೆರಳಚ್ಚು, ದಿನಾಂಕಗಳನ್ನು ಕಂಪ್ಯೂಟರಿನಲ್ಲಿ ದಾಖಲಿಸತೊಡಗಿದ ಮೇಲೆ ಮಾಸಿದ ಮುದ್ರೆಯ ನೆಪ ಹೇಳಿ ಜಾರಿಕೊಳ್ಳುವುದೂ ಕಷ್ಟವಾಯಿತು. ಅಲ್ಬೇನಿಯಾ, ಟರ್ಕಿ ಉಳಿದಿವೆ, ಆದರೆ ದೂರ. ಚಳಿಗಾಲಕ್ಕೆ ಒದಗುವುದು ಮೊರಾಕ್ಕೊ. ವ್ಯಕ್ತಿಗೆ 90 ದಿನ, ಗಾಡಿಗೆ ಆರು ತಿಂಗಳು, ಕಾರ್ನೆ ಬೇಡ.

ಅಲ್ಲೂ ನೆಮ್ಮದಿಯಾಗಿ ಕೂರುವಂತಿಲ್ಲ. ಮೂರು ವರ್ಷ ದಾಟಿದ ಬ್ರಿಟಿಷ್ ಗಾಡಿ ವರ್ಷಕ್ಕೊಮ್ಮೆ ಕಡ್ಡಾಯ ತಪಾಸಣೆಗೆ ಬ್ರಿಟನ್ನಿಗೇ ಹೋಗಬೇಕು. ತಪ್ಪಿದರೆ ವಿಮೆಗೂ ತೊಡಕು. ಅಗಾದಿರ್‌ನಲ್ಲಿ ಬಿಸಿಲು ಕಾಯುತ್ತಿರುವ ದಂಪತಿಯ ಪುಸ್ತಕದಲ್ಲಿ ಹೋಗುವಾಗಿನ ಎರಡು ಹಡಗು ಟಿಕೆಟ್, ಬರುವಾಗಿನ ಎರಡು, ಕ್ಯಾಲೆವರೆಗಿನ ಸುಮಾರು 3,000 ಕಿಲೋಮೀಟರಿನ ಡೀಸೆಲ್ಲು ಎಲ್ಲವೂ ಪ್ರತಿ ವರ್ಷ ಬರೆದಿಡಬೇಕಾದ ಬಾಬ್ತುಗಳೇ.