ಬಿಳಿ ಕೋಟು ತೊಟ್ಟ ಮಾತ್ರಕ್ಕೆ

ಉದಕಮಂಡಲದ ಸಮೀಪದ ನಂಜನಾಡು ಬಡಗರ ಊರು. ಆಲೂಗಡ್ಡೆ ಬೆಳೆಗೆ ಹೆಸರಾದುದು. ಶಾಲೆ, ಕಚೇರಿಗಳಲ್ಲಿ ತಮಿಳು; ಮನೆಯೊಳಗೆ ಕನ್ನಡಕ್ಕೆ ತೀರ ಹತ್ತಿರದ ಬಡಗ ಭಾಷೆ. ತಲೆಗೆ ಅವರೂ ನಮ್ಮಂತೆ ‘ಮಂಡೆ’ ಎನ್ನುತ್ತಾರೆ. ಮನೆಗೊಂದು ಮಾತು, ಕಚೇರಿಗೊಂದು ಮಾತು ಎಂಬ ಬಾಳು ಕಾಸರಗೋಡಿನವರಾದ ನಮಗೆ ಹೊಸತಲ್ಲ.

2022ರ ಜನವರಿ 12ರಂದು ತಮಿಳುನಾಡಿನಲ್ಲಿ ಒಟ್ಟಿಗೆ 11 ಸರಕಾರಿ ವೈದ್ಯಕೀಯ ಕಾಲೇಜುಗಳ ಉದ್ಘಾಟನೆಯಾಯಿತು. ನೀಲಗಿರಿಯದು ಅವುಗಳಲ್ಲೊಂದು, ವರ್ಷಕ್ಕೆ 150 ಸೀಟು. ಅಲ್ಲಿ ಸೇರಿದ ವಿದ್ಯಾರ್ಥಿಗೆ ‘ನಾನು ಡಾಕ್ಟರು’ ಎಂಬ ಭಾವ ಮೂಡುವುದು ಎಂದು? ಬಿಳಿ ಕೋಟು ತೊಟ್ಟ ದಿನವೇ? ಕೊನೆಯ ಪರೀಕ್ಷೆ ಪಾಸಾದ ದಿನವೇ? ರೋಗಿಯೊಬ್ಬರು ನಂಬಿಕೆಯಿಟ್ಟು ತಮ್ಮ ಕಷ್ಟ ಹೇಳಿಕೊಂಡ ದಿನ ಎಂಬುದು ನಮ್ಮ ಅಭಿಪ್ರಾಯ.

ಶಿಕ್ಷಣ ತಜ್ಞರಿಗೂ ಇದು ಹೊಳೆಯದೆ ಇಲ್ಲ. 2019ರಲ್ಲಿ ಜಾರಿಗೆ ಬಂದ ಎಂಬಿಬಿಎಸ್ ಪಠ್ಯಕ್ರಮದಲ್ಲಿ ನಡತೆ, ನೀತಿ, ರೋಗಿಯೊಡನೆ ಮಾತಾಡುವ ರೀತಿ ಇವೂ ಪಾಠಗಳೇ. ಆರಂಭದ ದಿನಗಳಲ್ಲಿ ಸ್ಥಳೀಯ ಭಾಷೆಯನ್ನೂ ಕಲಿಸಬೇಕು. 2021-22ರ ತಂಡದಿಂದ ಮೊದಲ್ಗೊಂಡು, ವಿದ್ಯಾರ್ಥಿಗಳು ಮೊದಲ ವರ್ಷವೇ ಹಳ್ಳಿಯ ಕೆಲವು ಕುಟುಂಬಗಳ ಆರೋಗ್ಯದ ಮೇಲೆ ಕಣ್ಣಿಡಬೇಕೆಂಬ ಕ್ರಮವೂ ಬಂದಿದೆ.

ಬಡಗರ ಹಟ್ಟಿಯೊಂದರ ಜಗಲಿಯಲ್ಲಿ ಅಂತಹ ವಿದ್ಯಾರ್ಥಿ ಕುಳಿತಿರುವುದನ್ನು ಊಹಿಸೋಣ. ಅಜ್ಜಿ ‘ಡಾಕ್ಟರೇ’ ಎಂದು ಕರೆದರೆ ಅವನಿಗೆ ಸಂಕೋಚ. ಮದ್ದು ಬರೆದು ಕೊಡುವ ಅಧಿಕಾರ ಇನ್ನೂ ಇಲ್ಲ. ‘ನನಗೆ ಗೊತ್ತಿಲ್ಲ, ಗುರುಗಳನ್ನು ಕೇಳಿ ಬರುತ್ತೇನೆ’ ಎನ್ನುವ ಪ್ರಾಮಾಣಿಕತೆಯೇ ಅವನ ಮೊದಲ ಸಂಪಾದನೆ. ಎರಡನೆಯದು ತಾಳ್ಮೆ. ರಾಜ್ಯಭಾಷೆ ತಮಿಳಾದರೂ ಅಜ್ಜಿಯ ನೋವು ಬಡಗದಲ್ಲೇ ಬರುತ್ತದೆ. ಮೊಮ್ಮಗಳು ಅದನ್ನು ತಮಿಳಿಗೆ ತಿರುಗಿಸುವಾಗ ನಾಚಿ ಬಿಟ್ಟ ಒಂದು ಮಾತಿನಲ್ಲೇ ರೋಗದ ಮೂಲ ಅಡಗಿರಬಹುದು.

ಇನ್ನು ನಮ್ಮ ಊರಿನ ಮಾತು. ಉಕ್ಕಿನಡ್ಕದ ಸರಕಾರಿ ವೈದ್ಯಕೀಯ ಕಾಲೇಜಿಗೆ 2013ರ ನವೆಂಬರದಲ್ಲಿ ಶಿಲಾನ್ಯಾಸವಾಯಿತು. ಎಂಬಿಬಿಎಸ್‌ನ 50 ಸೀಟುಗಳಿಗೆ ಅನುಮತಿ ದೊರೆತದ್ದು 2025ರಲ್ಲಿ. ತಡವಾದರೂ ಸಂತೋಷವೇ. ಅಲ್ಲಿಗೆ ಕೇರಳದ ನಾನಾ ಜಿಲ್ಲೆಗಳ ಮಕ್ಕಳು ಬರುವರು; ಅವರ ಮುಂದೆ ‘ಬಂಜಿ ಬೇನೆ’ ಎಂದು ಹೊಟ್ಟೆ ಹಿಡಿದುಕೊಂಡು ನಿಲ್ಲುವವರು ಎಣ್ಮಕಜೆ, ಪೈವಳಿಕೆಯ ನಮ್ಮವರು.

ಆ ಮಕ್ಕಳಿಗೆ ಸ್ಥಳೀಯ ಭಾಷೆಯೆಂದು ಮಲಯಾಳವನ್ನಷ್ಟೇ ಎಣಿಸದೆ, ನಾಲ್ಕು ದಿನ ಕನ್ನಡ, ತುಳುಗಳನ್ನೂ ಕಲಿಸುವ ಏರ್ಪಾಡಾಗಲಿ. ಇದರಿಂದ ರೋಗಿಗೆ ಉಪಕಾರ. ಅದಕ್ಕಿಂತ ಹೆಚ್ಚಿನ ಉಪಕಾರ ಡಾಕ್ಟರಾಗ ಹೊರಟ ಮಕ್ಕಳಿಗೆ.