ಸೂರಕ್ಕಿಯ ಸಂಸಾರ

ಚಳ್ಳಕೆರೆಯೆಂದರೆ ಹೊರಗಿನವರಿಗೆ ಎಣ್ಣೆ ಗಿರಣಿಗಳ ಊರು. ಮೊಳಕಾಲ್ಮೂರೆಂದರೆ ರೇಷ್ಮೆ ಸೀರೆಗಳ ಊರು. ಇವೆರಡನ್ನು ಬಿಟ್ಟರೆ ಈ ಸೀಮೆಯಲ್ಲಿ ಬಂಡೆ, ಬಿಸಿಲು, ಜಾಲಿಮುಳ್ಳು, ಮತ್ತೇನಿದೆ ಎಂದು ಕೇಳುವವರೇ ಹೆಚ್ಚು. ರಾಜ್ಯದಲ್ಲಿ ಅತಿ ಕಡಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನಲ್ಲಿ ನಮ್ಮವೂ ಸೇರಿವೆಯೆಂಬುದನ್ನು ನಾವೆಲ್ಲ ಶಾಲೆಯ ಭೂಗೋಳದ ಪಾಠದಲ್ಲಿಯೇ ಓದಿದ್ದೇವೆ. ಇಂತಹ ನೆಲದಲ್ಲಿ ಹೂವಿನ ಮಕರಂದವನ್ನು ನಂಬಿಕೊಂಡು ಬಾಳುವ ಹಕ್ಕಿಯೊಂದಿದೆ ಎಂದರೆ ಯಾರಿಗಾದರೂ ಸೋಜಿಗವೆನಿಸದಿರದು. ಅದೇ ಸೂರಕ್ಕಿ, ಕೆಲವರು ಹೂಗುಬ್ಬಿ ಎನ್ನುವರು. ಅದನ್ನು ಕುರಿತು ನಾನು ಕಂಡುದನ್ನೂ ಓದಿ ತಿಳಿದುದನ್ನೂ ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ. ನಾನು ಪ್ರಾಣಿಶಾಸ್ತ್ರದ ವಿದ್ಯಾರ್ಥಿಯಲ್ಲ, ಇತಿಹಾಸ ಓದುವವನು. ತಪ್ಪಿದ್ದರೆ ಅಧ್ಯಾಪಕರು ತಿದ್ದಬೇಕೆಂದು ಬೇಡುತ್ತೇನೆ. ಆದರೂ ಬರೆಯಲು ಹೊರಟಿರುವುದೇಕೆಂದರೆ, ಈ ಹಕ್ಕಿಗೆ ನಾನು ತೀರಿಸಬೇಕಾದ ಋಣವೊಂದಿದೆ.

ನಮ್ಮೂರು ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಬ್ರಹ್ಮಗಿರಿಗೆ ಹೆಚ್ಚು ದೂರವಿಲ್ಲದ ಒಂದು ಹಳ್ಳಿ. ಮನೆಯಲ್ಲಿ ಮಗ್ಗವಿದೆ. ನಾನು ಏಳನೆಯ ತರಗತಿಯಲ್ಲಿದ್ದಾಗ ಯುಗಾದಿ ಹತ್ತಿರ ಬಂದಿತ್ತು. ಜಗುಲಿಯ ಜೇಡರಬಲೆಯನ್ನೆಲ್ಲ ಹೊಡೆದು ಹಾಕೆಂದು ಅವ್ವ ಹೇಳಿದಳು. ಬಟ್ಟೆ ಒಣಹಾಕುವ ತಂತಿಯ ತುದಿಯಲ್ಲಿ ಒಣಹುಲ್ಲು, ನಾರು, ತೊಗಟೆಯ ಚೂರುಗಳು ಬಲೆಗೆ ಸಿಕ್ಕಿ ಜೋಲಾಡುತ್ತಿದ್ದುವು. ಕಸವೆಂದುಕೊಂಡು ಪೊರಕೆಯಿಂದ ಒಂದೇ ಏಟಿಗೆ ಕೆಡವಿದೆನು. ಅದರೊಳಗಿನಿಂದ ಕಡಲೆಕಾಯಿ ಬೀಜದಷ್ಟಿದ್ದ ಎರಡು ಮೊಟ್ಟೆಗಳು ಬಿದ್ದು ಒಡೆದುವು. ಅಜ್ಜಿ ಹೊರಗೆ ಬಂದು ನೋಡಿ, "ಏನ್ ಮಾಡ್ದೆಯೋ ಮಗ! ಅದು ಕಸ ಅಲ್ಲ ಕಣೋ, ಮನೆ" ಎಂದಳು. ಹೆಣ್ಣು ಹಕ್ಕಿ ಆ ಸಂಜೆಯವರೆಗೂ ಬರಿಯ ತಂತಿಯ ಬಳಿ ಬಂದು ಬಂದು ಹೋಗುತ್ತಿತ್ತು. ಅಜ್ಜಿ ಮತ್ತೆ ಬೈಯಲಿಲ್ಲ. ಬೈದಿದ್ದರೆ ಇಷ್ಟು ದಿನ ನೆನಪಿರುತ್ತಿರಲಿಲ್ಲವೋ ಏನೋ.

ಇನ್ನು ಕಾಲೇಜಿನ ಮಾತು. ಒಂದು ದಿನ ಗೆಳೆಯನೊಬ್ಬನು ಓಡಿ ಬಂದು, ಆವರಣದ ದಾಸವಾಳದ ಗಿಡಕ್ಕೆ ಹಮ್ಮಿಂಗ್ ಬರ್ಡ್ ಬಂದಿದೆಯೆಂದು ಸಾರಿದನು. ನಾವು ಐದಾರು ಮಂದಿ ಹೋಗಿ ನೋಡಿ ಹೌದು ಹೌದೆಂದು ತಲೆಯಾಡಿಸಿದೆವು. ಹಿಂದಿನಿಂದ ಬಂದ ಮೇಷ್ಟ್ರು ನಕ್ಕು, "ಅದು ಇಲ್ಲಿಗೆ ಬರಬೇಕಾದರೆ ಸಮುದ್ರ ದಾಟಿ ಬರಬೇಕಪ್ಪ" ಎಂದರು. ಈ ತಪ್ಪು ನಮ್ಮೊಬ್ಬರದೇ ಅಲ್ಲ, ಅನೇಕರು ಮಾಡುವಂಥದು. ಆದುದರಿಂದ ಮೊದಲು ಈ ಎರಡು ಹಕ್ಕಿಗಳ ಭೇದವನ್ನು ತಿಳಿಯುವುದು ಒಳ್ಳೆಯದು.

ಹಮ್ಮಿಂಗ್ ಬರ್ಡ್ ಎಂಬ ಝೇಂಕಾರದ ಹಕ್ಕಿಗಳು ಉತ್ತರ ಮತ್ತು ದಕ್ಷಿಣ ಅಮೆರಿಕಗಳಲ್ಲಿ ಮಾತ್ರ ಇವೆ. ಅವುಗಳಲ್ಲಿ 350ಕ್ಕೂ ಹೆಚ್ಚು ಜಾತಿಗಳುಂಟು. ಕ್ಯೂಬಾ ದ್ವೀಪದ ಒಂದು ಜಾತಿಯು ಪ್ರಪಂಚದ ಹಕ್ಕಿಗಳಲ್ಲೆಲ್ಲ ಅತಿ ಚಿಕ್ಕದು. ಉದ್ದ 5 ರಿಂದ 6 ಸೆಂಟಿಮೀಟರು, ಗಂಡಿನ ತೂಕ ಸುಮಾರು 2 ಗ್ರಾಮು. ಸಣ್ಣ ಜಾತಿಗಳು ಸೆಕೆಂಡಿಗೆ 50ಕ್ಕೂ ಹೆಚ್ಚು ಸಲ ರೆಕ್ಕೆ ಬಡಿಯುವುವು. ಆ ಸದ್ದಿನಿಂದಲೇ ಅವಕ್ಕೆ ಈ ಹೆಸರು. ಮಿಕ್ಕ ಹಕ್ಕಿಗಳು ರೆಕ್ಕೆಯನ್ನು ಕೆಳಕ್ಕೆ ಬಡಿಯುವಾಗ ಮಾತ್ರ ಮೇಲೇಳುವ ಬಲವನ್ನು ಹೆಚ್ಚಾಗಿ ಪಡೆಯುತ್ತವೆ. ಝೇಂಕಾರದ ಹಕ್ಕಿಯಾದರೋ ಭುಜದ ಕೀಲಿನಿಂದಲೇ ರೆಕ್ಕೆಯನ್ನು ಮಗುಚಿ, ಗಾಳಿಯಲ್ಲಿ 8ರ ಅಂಕಿ ಬರೆದಂತೆ ಆಡಿಸಿ, ಮೇಲಕ್ಕೆ ಎತ್ತುವಾಗಲೂ ಬಲ ಪಡೆಯುತ್ತದೆ. 2005ರಲ್ಲಿ ವಿಜ್ಞಾನಿಗಳು ಅಳೆದು ನೋಡಿದಾಗ ಆ ಬಲದ ನಾಲ್ಕನೆಯ ಒಂದು ಭಾಗ ಮೇಲೆತ್ತುವ ಬಡಿತದಿಂದ ಬರುವುದೆಂದು ಕಂಡುಬಂದಿತು. ಹೀಗಾಗಿ ಅದು ಗಾಳಿಯಲ್ಲಿ ನಿಂತಲ್ಲೇ ನಿಲ್ಲಬಲ್ಲುದು, ಹಿಂದಕ್ಕೂ ಹಾರಬಲ್ಲುದು. ಇಷ್ಟು ದುಡಿಮೆಗೆ ಬೇಕಾದ ಇಂಧನ ರಾತ್ರಿಯಲ್ಲಿ ಸಿಗದು. ಆದುದರಿಂದ ಅನೇಕ ಜಾತಿಗಳು ಇರುಳಲ್ಲಿ ಮೈಯ ಕಾವನ್ನು ಇಳಿಸಿಕೊಂಡು ಸತ್ತಂತೆ ಬಿದ್ದಿದ್ದು ಬೆಳಗ್ಗೆ ಮತ್ತೆ ಎಚ್ಚರುವುವು.

ನಮ್ಮ ಸೂರಕ್ಕಿಯ ಕುಲವೇ ಬೇರೆ. ಝೇಂಕಾರದ ಹಕ್ಕಿಗೆ ಹತ್ತಿರದ ಬಂಧುಗಳು ಸದಾ ಹಾರುತ್ತಲೇ ಇರುವ ಬಾನಾಡಿಗಳು. ಸೂರಕ್ಕಿಯಾದರೋ ಗುಬ್ಬಿ, ಕಾಗೆ, ಗೊರವಂಕಗಳಿರುವ ದೊಡ್ಡ ವರ್ಗಕ್ಕೆ ಸೇರಿದುದು. ಆಫ್ರಿಕ, ಏಷ್ಯ ಖಂಡಗಳಿಂದ ಆಸ್ಟ್ರೇಲಿಯದ ಉತ್ತರ ಭಾಗದವರೆಗೆ ಅದರ ಬಳಗ ಹರಡಿದೆ. ಹೀಗೆ ಸಂಬಂಧವೇ ಇಲ್ಲದ ಎರಡು ಕುಲಗಳು ಒಂದೇ ಕಸುಬನ್ನು ಹಿಡಿದುದರಿಂದ ಒಂದೇ ಬಗೆಯ ಪುಟ್ಟ ಮೈ, ಬಾಗಿದ ಕೊಕ್ಕು, ಉದ್ದ ನಾಲಗೆ, ಥಳಥಳಿಸುವ ಗರಿಗಳನ್ನು ಪಡೆದುವು. ಎರಡು ಊರುಗಳ ನೇಕಾರರು ಒಬ್ಬರನ್ನೊಬ್ಬರು ನೋಡದೆಯೇ ಒಂದೇ ಬಗೆಯ ಲಾಳಿಯನ್ನು ಮಾಡಿಕೊಂಡಂತೆ. ಇನ್ನೊಂದು ವಿಚಿತ್ರವೆಂದರೆ, ಸುಮಾರು 3 ಕೋಟಿ ವರ್ಷಗಳ ಹಿಂದೆ ಝೇಂಕಾರದ ಹಕ್ಕಿಯ ಬಳಗದವು ಯೂರೋಪಿನಲ್ಲಿಯೂ ಇದ್ದುವು. ಜರ್ಮನಿಯಲ್ಲಿ ದೊರೆತ ಅವುಗಳ ಪಳೆಯುಳಿಕೆಯನ್ನು ಗೆರಾಲ್ಡ್ ಮಾಯರ್ ಎಂಬ ವಿದ್ವಾಂಸರು 2004ರಲ್ಲಿ ವರ್ಣಿಸಿದರು. ಗೆಳೆಯನ ಮಾತು ತಪ್ಪಾಗಿದ್ದರೂ, ಕಾಲದಲ್ಲಿ ಬಹು ಹಿಂದಕ್ಕೆ ಹೋದರೆ ಅಷ್ಟೊಂದು ಹಾಸ್ಯಾಸ್ಪದವಲ್ಲ!

ಸಂಜೆಯ ಮಬ್ಬಿನಲ್ಲಿ ಹೂವಿನ ಮುಂದೆ ಗುಂಯ್ಗುಡುತ್ತ ನಿಂತಲ್ಲೇ ನಿಲ್ಲುವ ಒಂದು ದಪ್ಪ ಮೈಯ ಪತಂಗವೂ ನಮ್ಮಲ್ಲುಂಟು. ಅದನ್ನು ಕಂಡವರೂ ಹಮ್ಮಿಂಗ್ ಬರ್ಡ್ ಎಂದು ಬೆರಗಾಗುವರು. ತಲೆಯ ಮೇಲೆ ಎರಡು ಮೀಸೆಗಳಿದ್ದರೆ ಅದು ಕೀಟವೆಂದು ತಿಳಿಯತಕ್ಕದ್ದು.

ನಮ್ಮ ಸುತ್ತ ಸಾಮಾನ್ಯವಾಗಿ ಕಾಣುವ ಸೂರಕ್ಕಿಗಳು ಎರಡು ಬಗೆ. ಎರಡೂ ನಾಲ್ಕು ಅಂಗುಲಕ್ಕೆ ಮೀರವು. ತೂಕ ಹತ್ತು ಗ್ರಾಮಿನೊಳಗೆ. ಮೊದಲನೆಯದರಲ್ಲಿ ಗಂಡಿನ ನೆತ್ತಿ ಹೊಳೆಯುವ ಹಸುರು, ಗಂಟಲು ಮತ್ತು ಸೊಂಟ ನೇರಳೆ, ಹೊಟ್ಟೆ ಹಳದಿ. ಎರಡನೆಯದರ ಗಂಡು ನೆರಳಿನಲ್ಲಿ ಬರಿಯ ಕಪ್ಪು. ಬಿಸಿಲಿಗೆ ತಿರುಗಿತೆಂದರೆ ನೀಲಿ, ನೇರಳೆ, ಹಸುರು ಒಂದರ ಮೇಲೊಂದು ಮಿಂಚುವುವು. ಇದರ ಹೆಣ್ಣಿಗೆ ಈ ಸೊಗಸಿಲ್ಲ. ಬೆನ್ನು ಕಂದು, ಹೊಟ್ಟೆ ತಿಳಿಹಳದಿ. ಮರಿಮಾಡುವ ಕಾಲ ಮುಗಿದ ಬಳಿಕ ಗಂಡೂ ತನ್ನ ಉಡುಪು ಕಳಚಿ ಹೆಣ್ಣಿನಂತೆ ಮಂಕಾಗುವುದು. ಗಂಟಲಿನಿಂದ ಹೊಟ್ಟೆಯವರೆಗೆ ಎಳೆದ ಒಂದು ಕಪ್ಪು ಪಟ್ಟೆಯಿಂದ ಮಾತ್ರ ಅದನ್ನು ಗುರುತಿಸಬಹುದು.

ಈ ಮಿಂಚುವ ಬಣ್ಣದ ವಿಚಾರ ನೇಕಾರರ ಮನೆಯಲ್ಲಿ ಬೆಳೆದ ನನ್ನನ್ನು ಬಹಳ ಕಾಡಿತು. ನಮ್ಮಲ್ಲಿ ಹಾಸಿಗೆ ಒಂದು ಬಣ್ಣದ ಎಳೆ, ಹೊಕ್ಕಿಗೆ ಇನ್ನೊಂದು ಬಣ್ಣದ ಎಳೆ ಕೊಟ್ಟು ನೇಯ್ದರೆ ಸೀರೆಯನ್ನು ತಿರುಗಿಸಿದಂತೆ ಬಣ್ಣ ತಿರುಗುವುದು. ಹಕ್ಕಿಯೂ ಹಾಗೆಯೇ ಇರಬಹುದೆಂದು ಎಣಿಸಿದ್ದೆನು. ಹಾಗಲ್ಲ. ಸೀರೆಯಲ್ಲಿ ಎರಡು ಬಣ್ಣಗಳೂ ನಿಜವಾಗಿ ಇವೆ. ಹಕ್ಕಿಯ ಗರಿಯಲ್ಲಿ ನೇರಳೆಯ ಬಣ್ಣವೇ ಇಲ್ಲ! ಅಲ್ಲಿರುವುದು ಮೆಲನಿನ್ ಎಂಬ ಕಪ್ಪು ವಸ್ತುವಿನ ಅತಿ ಸೂಕ್ಷ್ಮ ಕಣಗಳ ಪದರಗಳು. ಬೆಳಕು ಆ ಪದರಗಳಿಂದ ಹಿಂದಿರುಗುವಾಗ ಕೆಲವು ಬಣ್ಣಗಳು ಒಂದಕ್ಕೊಂದು ಬಲ ಕೊಡುವುವು, ಕೆಲವು ಅಳಿಸಿಹೋಗುವುವು. ಲಾರಿಯಿಂದ ಸೋರಿದ ಎಣ್ಣೆ ಮಳೆನೀರಿನ ಮೇಲೆ ಹರಡಿದಾಗ ಕಾಣುವ ಕಾಮನಬಿಲ್ಲೂ ಇದೇ ಜಾತಿಯದು. ನೋಡುವ ಕೋನ ತಪ್ಪಿದರೆ ಉಳಿಯುವುದು ಕಪ್ಪು ಮಾತ್ರ.

ಸೂರಕ್ಕಿಯ ಊಟಕ್ಕೆ ಮುಖ್ಯವಾದುದು ಮಕರಂದ. ನಾಲಗೆ ಕೊಳವೆಯಂತೆ ಸುತ್ತಿಕೊಂಡು ತುದಿಯಲ್ಲಿ ಸೀಳಿರುತ್ತದೆ. ಒಮ್ಮೊಮ್ಮೆ ಕ್ಷಣಕಾಲ ಗಾಳಿಯಲ್ಲಿ ನಿಂತರೂ ಸಾಮಾನ್ಯವಾಗಿ ಕಡ್ಡಿಯ ಮೇಲೆ ಕುಳಿತೇ ಹೀರುವುದು. ಬೇಕಾದರೆ ತಲೆಕೆಳಗಾಗಿಯೂ ಜೋತಾಡುವುದು. ಬೇಸಗೆಯ ಮೊದಲಲ್ಲಿ ಎಲೆ ಉದುರಿಸಿ ಕೆಂಪಾಗುವ ಹಾಲವಾಣ, ಮುತ್ತುಗಗಳು, ಬೇಲಿಯ ಲೋಳೆಸರ, ತೋಟದ ದಾಳಿಂಬೆ, ಬಾಳೆ ಇವೆಲ್ಲ ಅದರ ಛತ್ರಗಳು. ಉದ್ದ ಕೊಳವೆಯ ಹೂವಾದರೆ ಒಮ್ಮೊಮ್ಮೆ ಬುಡವನ್ನೇ ಚುಚ್ಚಿ ಕದ್ದು ಕುಡಿಯುವುದುಂಟು. ಆಗ ಹೂವಿಗೆ ಪರಾಗದ ಸೇವೆ ಇಲ್ಲ. ಬಾಡಿಗೆ ಕೊಡದೆ ಹಿತ್ತಲ ಬಾಗಿಲಿಂದ ಹೋದ ಹಾಗೆ.

ಆದರೆ ಬದನಿಕೆಯ ಹೂವಿನಲ್ಲಿ ಈ ಮೋಸ ನಡೆಯದು. ಹೊಂಗೆ, ಮಾವು, ಬೇವಿನ ಕೊಂಬೆಗಳ ಮೇಲೆ ಬೇರೊಂದು ಗಿಡ ಮೊಳೆತು ಮರದ ನೀರನ್ನು ಹೀರುವುದನ್ನು ಎಲ್ಲರೂ ಕಂಡಿರಬಹುದು. ಅದೇ ಬದನಿಕೆ, ಬಂದಳಿಕೆ ಎಂದೂ ಹೆಸರು. ಅದರ ಬಲಿತ ಮೊಗ್ಗು ತಾನಾಗಿ ಬಿರಿಯುವುದು ಅಪರೂಪ. ಸೂರಕ್ಕಿ ಕೊಕ್ಕಿನಿಂದ ಒತ್ತಿದೊಡನೆ ಫಟ್ಟನೆ ಸಿಡಿದು ಹಕ್ಕಿಯ ಹಣೆಗೆ ಪರಾಗವನ್ನು ಎರಚುವುದು. ಹಣೆಯ ಮೇಲಿನ ಆ ಪುಡಿ ಮುಂದಿನ ಹೂವಿಗೆ ತಲಪುವುದು. ಹಣ್ಣಾದ ಮೇಲೆ ಬದನಿಕೆ ಹಕ್ಕಿಯೆಂಬ ಇನ್ನೊಂದು ಪುಟ್ಟ ಹಕ್ಕಿ ಅದನ್ನು ನುಂಗಿ, ಅಂಟಿನ ಬೀಜವನ್ನು ಬೇರೆ ಕೊಂಬೆಗೆ ಒರಸಿ ಹೋಗುವುದು. ಹೀಗೆ ಒಂದು ಹಕ್ಕಿ ಮದುವೆ ಮಾಡಿಸಿದರೆ ಇನ್ನೊಂದು ಹಕ್ಕಿ ಮಕ್ಕಳಿಗೆ ನೆಲೆ ಕೊಡಿಸುತ್ತದೆ. ಈ ವ್ಯವಹಾರವನ್ನು ಡಾ. ಸಲೀಂ ಅಲಿಯವರು ಕೊಂಕಣದಲ್ಲಿ ವಿವರವಾಗಿ ಪರಿಶೀಲಿಸಿ 1931ರಲ್ಲಿ ಪ್ರಕಟಿಸಿದರು. ನಮ್ಮ ಹಳೆಯ ಮೈಸೂರು ಸಂಸ್ಥಾನದ ಹಕ್ಕಿಗಳನ್ನು 1939-40ರಲ್ಲಿ ಸಮೀಕ್ಷೆ ಮಾಡಿದವರೂ ಅವರೇ. ಮರಕ್ಕೆ ಹಾನಿಯೆಂದು ರೈತರು ಬದನಿಕೆಯನ್ನು ಕಡಿಯುವುದು ಸಹಜ. ಆದರೆ ಹೂವಿಲ್ಲದ ತಿಂಗಳಲ್ಲಿ ಅದೇ ಈ ಹಕ್ಕಿಯ ಅನ್ನವೆಂಬುದೂ ಅಷ್ಟೇ ನಿಜ.

ಗಂಡು ಸೂರಕ್ಕಿ ಬಲು ಜಗಳಗಂಟ. ತನ್ನ ಹೂಗಿಡಕ್ಕೆ ಬೇರೊಂದು ಗಂಡು ಬಂದರೆ ಅಟ್ಟಿಕೊಂಡು ಹೋಗುವುದು. ನಮ್ಮ ಮೇಷ್ಟ್ರೊಬ್ಬರ ಸ್ಕೂಟರಿನ ಕನ್ನಡಿಯಲ್ಲಿ ತನ್ನದೇ ಮುಖ ಕಂಡು ವೈರಿಯೆಂದು ತಿಳಿದು ವಾರಗಟ್ಟಲೆ ಕುಕ್ಕಿದ ಗಂಡೊಂದನ್ನು ನಾವೆಲ್ಲ ನೋಡಿದ್ದೇವೆ. ಕೊನೆಗೆ ಅವರು ಕನ್ನಡಿಗೆ ಕರವಸ್ತ್ರ ಕಟ್ಟಿದ ಮೇಲೆಯೇ ಯುದ್ಧವಿರಾಮವಾಯಿತು.

ಕಳೆದ ಬೇಸಗೆಯಲ್ಲಿ ಕಾಲೇಜಿನ ವಾಚನಾಲಯದ ಕಿಟಕಿಯ ಮುಂದೆ, ಕಾಗದದ ಹೂವಿನ ಬಳ್ಳಿಯಲ್ಲಿ ಹೆಣ್ಣು ಸೂರಕ್ಕಿಯೊಂದು ಜೇಡರಬಲೆಯನ್ನು ಕಚ್ಚಿ ತರುತ್ತಿರುವುದನ್ನು ಕಂಡೆನು. ಅಂದಿನಿಂದ ದಿನವೂ ಅಲ್ಲಿಯೇ ಕುಳಿತು ಓದಲಾರಂಭಿಸಿದೆನು. ಮೊದಲು ಕಡ್ಡಿಗೆ ಬಲೆಯ ನೂಲನ್ನು ಸುತ್ತಿತು. ಆಮೇಲೆ ನಾರು, ಹುಲ್ಲು. ನಡುವೆ ಮೈಯೊತ್ತಿ ಚೀಲದ ಆಕಾರ ತಂದಿತು. ಪಕ್ಕದಲ್ಲಿ ಬಾಗಿಲು, ಬಾಗಿಲ ಮೇಲೆ ಮಳೆ ಬೀಳದಂತೆ ಚಾಚಿದ ಪುಟ್ಟ ಮಾಡು. ಒಳಗೆ ಹತ್ತಿಯಂತಹ ಮೆತ್ತೆ. ಹೊರಗೆ ತೊಗಟೆಯ ಚೂರು, ಹುಳುವಿನ ಹಿಕ್ಕೆ ಇವನ್ನು ಅಂಟಿಸಿದುದರಿಂದ ನೋಡುವವರ ಕಣ್ಣಿಗೆ ಅದು ಕಸ. ನಾನು ಅಂದು ಏಕೆ ಮೋಸಹೋದೆನೆಂಬುದು ಆಗ ತಿಳಿಯಿತು. ಕಾಗೆ, ಓತಿಕೇತಗಳ ಕಣ್ಣು ತಪ್ಪಿಸಲು ಹೂಡಿದ ಉಪಾಯ ಪೊರಕೆಯ ಮುಂದೆ ನಿಲ್ಲದಾಯಿತು.

ಗೂಡು ಕಟ್ಟುವುದೂ ಕಾವು ಕೊಡುವುದೂ ಹೆಣ್ಣಿನ ಕೆಲಸವೇ. ಎರಡು ಮೂರು ಮೊಟ್ಟೆ ಇಡುವುದು. ಸುಮಾರು ಎರಡು ವಾರದ ಕಾವು. ತಾಯಿ ಗೂಡು ಬಿಟ್ಟೀತೆಂಬ ಭಯದಿಂದ ನಾನು ಒಳಗೆ ಇಣುಕಲಿಲ್ಲ. ಮರಿ ಒಡೆದ ಮೇಲೆ ಗಂಡೂ ಬಂದು ಊಟ ಕೊಡಲಾರಂಭಿಸಿತು. ಆಶ್ಚರ್ಯವೆಂದರೆ ಮರಿಗಳಿಗೆ ತಂದುದು ಜೇನಲ್ಲ. ಜೇಡ, ಸಣ್ಣ ಹುಳುಗಳು. ಮಕರಂದದಲ್ಲಿ ಸಕ್ಕರೆಯುಂಟು, ಮೈ ಬೆಳೆಯಲು ಬೇಕಾದ ಪ್ರೋಟೀನು ಬಹಳ ಕಡಮೆ. ಹುಳಕ್ಕೆ ಹೊಡೆಯುವ ಔಷಧ ಹೂಹಕ್ಕಿಗೂ ತಗಲುವುದು ಹೀಗೆ.

ಈ ನಡುವೆ ವಾರ್ಷಿಕೋತ್ಸವ ಬಂದಿತು. ಆವರಣವನ್ನು ಒಪ್ಪಮಾಡಲು ಬಳ್ಳಿ ಕತ್ತರಿಸುವ ಕತ್ತರಿ ಹಿಡಿದು ಜವಾನರು ಬಂದರು. ನಾನು ಅಡ್ಡ ನಿಂತು, "ಅಣ್ಣಾ, ಇದೊಂದು ಕೊಂಬೆ ಬಿಡಿ, ಮರಿ ಇವೆ" ಎಂದೆನು. "ಇದರಲ್ಲಿ ಮರಿಯೆಲ್ಲಿ ಬಂತು, ಕಸ ಅಲ್ಲವೇನಪ್ಪ?" ಎಂದರು. ಅಷ್ಟರಲ್ಲಿ ತಾಯಿ ಬಾಯಲ್ಲಿ ಜೇಡ ಕಚ್ಚಿಕೊಂಡು ಬಂದು ಬಾಗಿಲಿಗೆ ಜೋತಿತು. ಒಳಗಿನಿಂದ ಎರಡು ಹಳದಿ ಬಾಯಿ ತೆರೆದುವು. ಅವರು ಏನೂ ಹೇಳದೆ ಕತ್ತರಿಯನ್ನು ಬಗಲಿಗೆ ಸೇರಿಸಿ ಮುಂದಿನ ಬಳ್ಳಿಗೆ ಹೋದರು. ಉತ್ಸವದ ದಿನ ಅತಿಥಿಗಳಿಗೆ ಆ ಮೂಲೆ ಕೆದರಿದಂತೆ ಕಂಡಿರಬಹುದು. ಮೂರನೆಯ ದಿನ ಬಿರುಗಾಳಿ, ಮಳೆ. ಬೆಳಗ್ಗೆ ಓಡಿ ಬಂದು ನೋಡಿದರೆ ಗೂಡು ಓರೆಯಾಗಿತ್ತು, ಕಳಚಿರಲಿಲ್ಲ. ಜೇಡನ ನೂಲು ಹಿಡಿದಿತ್ತು. ಆ ವಾರವೇ ಮರಿಗಳೆರಡೂ ಹಾರಿಹೋದುವು.

ನಮ್ಮ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳಲ್ಲಿ ಅಶೋಕನ ಶಾಸನಗಳಿವೆ; ಅವನ್ನು ಬಿ. ಎಲ್. ರೈಸರು 1892ರಲ್ಲಿ ಬೆಳಕಿಗೆ ತಂದರೆಂದು ಇತಿಹಾಸದ ವಿದ್ಯಾರ್ಥಿಗಳೆಲ್ಲ ಬಲ್ಲರು. ತಾಯಿತಂದೆಗಳ ಮಾತು ಕೇಳಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬವುಗಳ ಜೊತೆಗೆ, ಜೀವಿಗಳ ವಿಷಯದಲ್ಲಿ ದಯೆ ದೃಢವಾಗಿರಬೇಕೆಂದೂ ಅಲ್ಲಿ ಹೇಳಿದೆ. ಪರೀಕ್ಷೆಗಾಗಿ ಇದನ್ನು ನಾನು ಎಷ್ಟೋ ಸಲ ಬಾಯಿಪಾಠ ಮಾಡಿದ್ದೇನೆ. ಅರ್ಥವಾದುದು ಮಾತ್ರ ವಾಚನಾಲಯದ ಕಿಟಕಿಯಲ್ಲಿ. ದಯೆಗೆ ಮೊದಲು ನೋಡುವ ಕಣ್ಣು ಬೇಕು. ಕಸವಾವುದು, ಮನೆಯಾವುದು ಎಂದು ತಿಳಿಯದವನ ದಯೆಯಿಂದ ಹಕ್ಕಿಗೆ ಪ್ರಯೋಜನವಿಲ್ಲ.

ರಜೆಯಲ್ಲಿ ಊರಿಗೆ ಹೋಗಿ ಅಜ್ಜಿಗೆ ಇದನ್ನೆಲ್ಲ ಹೇಳಿದೆನು. ಅವಳು ಕೇಳಿ, "ಎರಡೂ ಹಾರಿದುವಾ?" ಎಂದಳು. ಹೌದೆಂದೆನು. "ಹಂಗಾದ್ರೆ ಸರಿ ಬಿಡು" ಎಂದು ಕಂಡಿಕೆ ಸುತ್ತಲು ಕುಳಿತಳು.

ಈ ಯುಗಾದಿಗೆ ಮನೆ ಗುಡಿಸುವ ಮಿತ್ರರು ಪೊರಕೆ ಎತ್ತುವ ಮೊದಲು ಒಂದು ಸಲ ಮೇಲೆ ನೋಡಬೇಕೆಂದು ನನ್ನ ವಿನಂತಿ.